ಪಿಯುಸಿ ಮುಗಿಸಿದವರನ್ನು ಕಾಲೇಜಿಗೆ ಕರೆಯುವುದು ಹೇಗೆ? ಮೊದಲು ಫೋನ್ ಯಾರದು ನೋಡಿ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ಸಂಜೆಯೇ ಶುರುವಾಗುತ್ತದೆ. ಒಂದೇ ಮನೆಗೆ ಹಲವು ಕಾಲೇಜುಗಳ ಕರೆ, ಪೋಸ್ಟರ್, ಮೆಸೇಜ್. ದೊಡ್ಡ ಖಾಸಗಿ ಕಾಲೇಜುಗಳು ಇದಕ್ಕೆಂದೇ ಜನ ಇಟ್ಟುಕೊಂಡಿರುತ್ತವೆ. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಇರುವುದು ಪ್ರವೇಶ ಸಮಿತಿಯ ಮೂರ್ನಾಲ್ಕು ಮಂದಿ ಮೇಷ್ಟ್ರು, ಅವರದೇ ಫೋನು. ಎಲ್ಲ ಕಡೆಯೂ ಕೂಗಲು ಅವರಿಗೆ ಆಗುವುದಿಲ್ಲ, ಕೂಗಬೇಕಾಗಿಯೂ ಇಲ್ಲ. ಯಾವ ಮಾತನ್ನು ಯಾರಿಗೆ, ಹೇಗೆ ಮುಟ್ಟಿಸಬೇಕು ಎಂದು ಆರಿಸಿಕೊಂಡರೆ ಸಾಕು.

1. ನಂಬರ್ ಪಟ್ಟಿ ಸೋಸಿ

ನಿಮ್ಮ ಕೈಯಲ್ಲಿರುವ ವಿದ್ಯಾರ್ಥಿಗಳ ಹೆಸರು, ನಂಬರಿನ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ, ಮೊಬೈಲ್ ನಂಬರಿನ ಕಾಲಂ ಅನ್ನು ಸಾರ್ಟ್ ಮಾಡಿ. ಒಂದೇ ನಂಬರ್ ಏಳೆಂಟು ಹೆಸರುಗಳ ಮುಂದೆ ಸಾಲಾಗಿ ಕಂಡರೆ ಅದು ಬಹುತೇಕ ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರಿನವರದು. ಅದಕ್ಕೆ ಎಷ್ಟು ಮೆಸೇಜ್ ಕಳಿಸಿದರೂ ಓದುವವನು ಅಂಗಡಿಯವನು. ಉಳಿದವುಗಳಲ್ಲಿ ಇಪ್ಪತ್ತಕ್ಕೆ ಸುಮ್ನೆ ಕರೆ ಮಾಡಿ ನೋಡಿ. ಎತ್ತಿದ್ದು ಹುಡುಗಿಯಾ, ಅಪ್ಪನಾ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನಾ ಎಂದು ಪಕ್ಕದಲ್ಲೇ ಬರೆದುಕೊಳ್ಳಿ. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಒಂದು ಕಾಲಂ ಬೇಕು.

ಇಮೇಲ್ ಕಾಲಂ ಇದ್ದರೆ ಅದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅರ್ಜಿಗೆಂದು ಅವಸರದಲ್ಲಿ ತೆರೆದ ಐಡಿ ಅದು. ಪಾಸ್‌ವರ್ಡ್ ಹುಡುಗನಿಗೇ ನೆನಪಿರುವುದಿಲ್ಲ.

‘ಡೇಟಾ’ ಮಾರುತ್ತೇವೆ ಎಂದು ಬರುವ ಏಜೆಂಟರನ್ನು ಬಾಗಿಲಲ್ಲೇ ಕಳಿಸಿಬಿಡಿ. ಪಿಯುಸಿ ಮುಗಿಸಿದ ಎಷ್ಟೋ ಮಕ್ಕಳಿಗೆ ಇನ್ನೂ 18 ತುಂಬಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರನ್ನು ಮಕ್ಕಳೆಂದೇ ಲೆಕ್ಕ ಹಿಡಿಯುತ್ತದೆ, ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಪಿಯು ಕಾಲೇಜುಗಳಿಗೆ ಹೋಗಿ, ‘ಮಾಹಿತಿ ಬೇಕಾದವರು ಬರೆಯಿರಿ, ಮನೆಯವರ ಸಹಿ ಹಾಕಿಸಿ ತನ್ನಿ’ ಎಂದು ಚೀಟಿ ಕೊಡಿ. ಪಟ್ಟಿ ಚಿಕ್ಕದಾಗುತ್ತದೆ, ಆದರೆ ಕೇಳಿಸಿಕೊಳ್ಳುವವರೇ ಅದರಲ್ಲಿರುತ್ತಾರೆ.

2. ತಾರೀಖು ಹೇಳಲು ಎಸ್ಸೆಮ್ಮೆಸ್

ಕೀಪ್ಯಾಡ್ ಫೋನಿಗೂ ಮುಟ್ಟುವುದು ಇದೊಂದೇ ಮೆಸೇಜ್. ಆದರೆ ಬಲ್ಕ್ ಎಸ್ಸೆಮ್ಮೆಸ್‌ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಕಾಲೇಜು ಡಿಎಲ್‌ಟಿಯಲ್ಲಿ, ಅಂದರೆ ಬಲ್ಕ್ ಮೆಸೇಜ್ ಕಳಿಸುವವರ ನೋಂದಣಿ ವ್ಯವಸ್ಥೆಯಲ್ಲಿ, ನೋಂದಾಯಿಸಿಕೊಂಡಿರಬೇಕು. ಕಳಿಸುವ ಒಕ್ಕಣೆಯನ್ನೂ ಮೊದಲೇ ಒಪ್ಪಿಸಿರಬೇಕು. ಲಿಂಕ್ ಇದ್ದರೆ ಅದನ್ನೂ ಅಲ್ಲೇ ನೋಂದಾಯಿಸಿರಬೇಕು, ಇಲ್ಲದಿದ್ದರೆ ಮೆಸೇಜ್ ಬ್ಲಾಕ್ ಆಗುತ್ತದೆ. ಈ ಕೆಲಸವನ್ನು ರಿಸಲ್ಟ್‌ಗೆ ಎರಡು ತಿಂಗಳ ಮುಂಚೆಯೇ ಮುಗಿಸಿಕೊಳ್ಳಿ.

ಇನ್ನೊಂದು ಲೆಕ್ಕ ಗೊತ್ತಿರಲಿ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ‘ಪ್ರವೇಶಾತಿ’ ನಮಗೆ ನಾಲ್ಕಕ್ಷರ, ಎಸ್ಸೆಮ್ಮೆಸ್‌ಗೆ ಒಂಬತ್ತು. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಹಾಗಾಗಿ ಕಾಲೇಜಿನ ಹೆಸರು, ಕೊನೇ ದಿನ, ಒಂದು ಫೋನ್ ನಂಬರ್ ಅಷ್ಟೇ ಹಾಕಿ. ‘ಜ್ಞಾನದ ಹೆಬ್ಬಾಗಿಲು’ ಎಲ್ಲ ಬೇಡ.

3. ವಿವರಕ್ಕೆ ವಾಟ್ಸ್‌ಆ್ಯಪ್, ಆದರೆ ಗ್ರೂಪ್ ಬೇಡ

ಎಲ್ಲರೂ ಮಾಡುವ ಮೊದಲ ಕೆಲಸ ‘ಅಡ್ಮಿಷನ್’ ಅಂತ ಗ್ರೂಪ್ ತೆರೆದು ಸಿಕ್ಕಸಿಕ್ಕ ನಂಬರ್ ಸೇರಿಸುವುದು. ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರೂ ಎಲ್ಲರಿಗೂ ಕಾಣುತ್ತದೆ. ರಾತ್ರಿಯಾಗುವುದರೊಳಗೆ ಯಾವನೋ ಹುಡುಗಿಯೊಬ್ಬಳಿಗೆ ‘ಹಾಯ್’ ಕಳಿಸಿರುತ್ತಾನೆ. ಮರುದಿನ ಅವಳ ಅಪ್ಪ ಗ್ರೂಪಿನಿಂದಲೂ, ನಿಮ್ಮ ಕಾಲೇಜಿನಿಂದಲೂ ಹೊರಗೆ. ವಾಟ್ಸ್‌ಆ್ಯಪ್ ಚಾನೆಲ್ ತೆರೆಯಿರಿ, ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಕೂಡ ಆಗಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ಮುಟ್ಟುತ್ತದೆ.

ಏನು ಹಾಕಬೇಕು? ಫೀಸು ಎಷ್ಟು, ಹಾಸ್ಟೆಲ್ ಇದೆಯಾ, ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್‌ಗೆ ಯಾವ ದಾಖಲೆ ಬೇಕು, ಬೆಳಿಗ್ಗೆ ಊರಿಂದ ಬರುವ ಬಸ್ಸು ಮೊದಲ ಪೀರಿಯಡ್‌ಗೆ ಮುಟ್ಟಿಸುತ್ತದಾ. ಜನ ಕೇಳುವುದು ಇದನ್ನೇ. ಪ್ರಾಂಶುಪಾಲರ ಫೋಟೊ ಇರುವ ಪೋಸ್ಟರನ್ನು ಯಾರೂ ಎರಡನೇ ಸಲ ತೆರೆಯುವುದಿಲ್ಲ.

ಇನ್‌ಸ್ಟಾಗ್ರಾಂ ನೋಡಿಕೊಳ್ಳಲು ಒಬ್ಬ ವಿದ್ಯಾರ್ಥಿ ಸಿಕ್ಕರೆ ಮಾತ್ರ ಶುರು ಮಾಡಿ. ಕೇಳಿದ್ದಕ್ಕೆ ಉತ್ತರ ಬಾರದ ಪೇಜ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

4. ಕರೆ ಮಾಡುವುದು ವಿಚಾರಿಸಿದವರಿಗೆ

ಕೇಳದವರಿಗೆ ಸ್ವಂತ ನಂಬರಿನಿಂದ ಸಾಲುಸಾಲು ಪ್ರಚಾರದ ಕರೆ ಮಾಡುವುದು ನಿಯಮಕ್ಕೆ ವಿರುದ್ಧ. ದೂರು ಹೋದರೆ ಆ ನಂಬರೇ ಬಂದ್ ಆಗಬಹುದು. ವಿಚಾರಿಸಿದವರಿಗೆ, ಚೀಟಿ ಬರೆದುಕೊಟ್ಟವರಿಗೆ ಕರೆ ಮಾಡಿ. ಹಳ್ಳಿ ಮನೆಯಾದರೆ ಸಂಜೆ ಏಳರ ಮೇಲೆ, ಅಪ್ಪ ಅಮ್ಮ ಕೆಲಸದಿಂದ ಬಂದಿರುತ್ತಾರೆ. ಮಗಳ ಜೊತೆ ಮಾತಾಡಿ ಮುಗಿಸಬೇಡಿ, ‘ಅಮ್ಮನಿಗೆ ಸ್ವಲ್ಪ ಕೊಡಮ್ಮಾ’ ಅನ್ನಿ. ಕಳಿಸಬೇಕೋ ಬೇಡವೋ ಎನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಪದವಿ ಪ್ರವೇಶದ ಸರ್ಕಾರಿ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಅರ್ಜಿ ಹಾಕುವಾಗ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಕೇಳಿ, ಫೋನಿನಲ್ಲೇ ಬಿಡಿಸಿಕೊಡಿ.

5. ಒಂದೇ ಸಲಕ್ಕೆ ಮುಗಿಸಬೇಡಿ

ಸೆಕೆಂಡ್ ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಏಪ್ರಿಲ್ ರಿಸಲ್ಟ್‌ನಲ್ಲಿ ಫೇಲಾದವನು ಮುಂದಿನ ಪರೀಕ್ಷೆಯಲ್ಲಿ ಪಾಸಾಗಿರುತ್ತಾನೆ, ಅಷ್ಟರಲ್ಲಿ ಅವನಿಗೆ ಕರೆ ಮಾಡುವವರೇ ಇರುವುದಿಲ್ಲ. ಅವನ ಹೆಸರು ಅಳಿಸಬೇಡಿ. ಸೈನ್ಸ್ ಮಕ್ಕಳು ಸಿಇಟಿ ಸೀಟಿಗೆ ಕಾಯುತ್ತಿರುತ್ತಾರೆ. ಅವರನ್ನು ಮೇ ತಿಂಗಳಲ್ಲಿ ಪೀಡಿಸದೆ, ಸೀಟು ಹಂಚಿಕೆ ಆದ ಮೇಲೆ ‘ಬಿಎಸ್ಸಿಯಲ್ಲಿ ಸೀಟು ಇದೆ’ ಎಂದು ಒಂದು ಸಾಲು ಕಳಿಸಿ.

ಕೊನೆಗೆ, ಸೇರಲು ಬಂದವರಿಗೆ ‘ನಮ್ಮ ಕಾಲೇಜಿನ ವಿಷಯ ಯಾರಿಂದ ಗೊತ್ತಾಯಿತು?’ ಎಂದು ಕೇಳಿ ಬರೆದಿಡಿ. ಫ್ಲೆಕ್ಸ್, ಆಟೋ ಪ್ರಚಾರ, ಮೆಸೇಜ್ ಜೊತೆಗೆ ‘ಅಕ್ಕ ಇಲ್ಲೇ ಓದಿದ್ದು’, ‘ಪಿಯು ಮೇಡಂ ಹೇಳಿದ್ದು’ ಎಂಬ ಆಯ್ಕೆಗಳೂ ಇರಲಿ. ಮುಂದಿನ ವರ್ಷದ ಫ್ಲೆಕ್ಸ್ ಬಿಲ್‌ಗೆ ಸಹಿ ಹಾಕುವ ಮುಂಚೆ ಆ ಹಾಳೆ ನೋಡಿ.