ಜೈಲಿನಿಂದ ಬಂದ ರೈಡರ್‌ಗೆ ಜೆರ್ಸಿ ಕೊಟ್ಟಿದ್ದು ಎಲ್ಲಕ್ಕಿಂತ ಕೊನೆಗೆ

ಶಿಕ್ಷೆ ಮುಗಿಸಿ ಬಂದ ಆಟಗಾರನನ್ನು ಮತ್ತೆ ಆಡಿಸಬೇಕಾ ಬೇಡವಾ ಅಂತ ವಾದ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆಡಿಸುವುದಾದರೆ ಎಲ್ಲಿಂದ ಶುರು ಮಾಡಬೇಕು, ಯಾರ ಹತ್ತಿರ ಮಾತಾಡಬೇಕು, ಅವನ ಹೊಟ್ಟೆಪಾಡಿಗೆ ಏನು ದಾರಿ ಅಂತ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ನಾನು ಮಂಡ್ಯ ಕಡೆಯ ಒಂದು ಕಬಡ್ಡಿ ಕ್ಲಬ್ಬಿನ ಕೋಚ್. ಅಂಥ ಒಬ್ಬ ಹುಡುಗನನ್ನು ನಮ್ಮ ತಂಡಕ್ಕೆ ಸೇರಿಸಿಕೊಂಡೆವು. ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ, ಇನ್ನೊಬ್ಬ ಕೋಚ್‌ಗೆ ಉಪಯೋಗಕ್ಕೆ ಬಂದರೆ ಬರಲಿ. ಅವನ ಹೆಸರು, ಅವನಿಂದ ಪೆಟ್ಟು ತಿಂದವನ ಹೆಸರು, ಊರು ಯಾವುದನ್ನೂ ಹೇಳುವುದಿಲ್ಲ.

ಅವನು ರೈಡರ್, ಅಂದರೆ ಎದುರಾಳಿಯ ಅಂಗಳಕ್ಕೆ ಒಬ್ಬನೇ ನುಗ್ಗಿ ಮುಟ್ಟಿ ಬರುವವನು. ಕಾಲ್ಬೆರಳಿನಲ್ಲಿ ಮುಟ್ಟುವ ಟೋ ಟಚ್‌ನಲ್ಲಿ ಅವನನ್ನು ಮೀರಿಸುವವರು ನಮ್ಮ ಸುತ್ತಮುತ್ತ ಇರಲಿಲ್ಲ. ಪ್ರೊ ಕಬಡ್ಡಿಯಲ್ಲೂ ಆಡಿ ಬಂದವನು, ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸವೂ ಸಿಕ್ಕಿತ್ತು. ಒಂದು ರಾತ್ರಿ ಹೊನಲು ಬೆಳಕಿನ ಪಂದ್ಯಾವಳಿ ಗೆದ್ದು, ಹುಡುಗರೆಲ್ಲ ಡಾಬಾದಲ್ಲಿ ಕೂತಿದ್ದಾಗ ಪಕ್ಕದ ಟೇಬಲ್‌ನವರ ಜೊತೆ ಮಾತಿಗೆ ಮಾತು ಬೆಳೆಯಿತು. ಇವನು ಸೋಡಾ ಬಾಟಲಿಯಲ್ಲಿ ಹೊಡೆದ. ಎದುರಿನ ಹುಡುಗನ ಒಂದು ಕಣ್ಣು ಹೋಯಿತು. ಅಪಾಯಕಾರಿ ಆಯುಧದಿಂದ ತೀವ್ರ ಗಾಯ ಮಾಡಿದ್ದಕ್ಕೆ ಹಾಕುವ ಐಪಿಸಿ 326ನೇ ಸೆಕ್ಷನ್, ಮೂರು ವರ್ಷ ಶಿಕ್ಷೆ, ಜೊತೆಗೆ ಪರಿಹಾರ ಕೊಡಬೇಕು ಅಂತ ಕೋರ್ಟ್ ಆದೇಶ. ಕುಡಿದಿದ್ದ, ಸಿಟ್ಟಿನಲ್ಲಿದ್ದ ಅಂತ ನಾನು ಸಮಜಾಯಿಷಿ ಕೊಡುವುದಿಲ್ಲ. ಅವನೂ ಕೊಡುವುದಿಲ್ಲ. ಅದಕ್ಕೇ ನಾನು ಅವನ ಜೊತೆ ನಿಂತಿದ್ದು.

ಹೊರಗೆ ಬಂದಾಗ ಕೆಲಸ ಹೋಗಿತ್ತು. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದ ಸರ್ಕಾರಿ ನೌಕರನನ್ನು ಇಲಾಖಾ ವಿಚಾರಣೆ ಇಲ್ಲದೆಯೂ ತೆಗೆದುಹಾಕಲು ಸಂವಿಧಾನದ 311ನೇ ವಿಧಿಯಲ್ಲೇ ಅವಕಾಶ ಇದೆ. ನಮ್ಮ ಹುಡುಗರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕಬಡ್ಡಿ ಆಡುವ ಮುಕ್ಕಾಲುಪಾಲು ಹುಡುಗರ ಆಸೆ ಇರುವುದೇ ಆ ಕೋಟಾ ಕೆಲಸದ ಮೇಲೆ. ಅದು ಹೋದ ಮೇಲೆ ಆಟಗಾರನ ಕೈಯಲ್ಲಿ ಪದಕ ಬಿಟ್ಟರೆ ಬೇರೇನೂ ಇರುವುದಿಲ್ಲ.

ಸುಮ್ನೆ ಕರೆದುಕೊಂಡು ಬಂದು ಮ್ಯಾಟ್ ಮೇಲೆ ಬಿಡಿ, ಆಟವೇ ಎಲ್ಲವನ್ನೂ ಸರಿ ಮಾಡುತ್ತೆ ಅಂದವರೂ ಇದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ನಾನು ಆಗ ತುಂಬಾ ಓದಿದ್ದು ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್ ಬಗ್ಗೆ. 2004ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಜೊತೆ ಅವನು ಮಾಡಿಕೊಂಡ ಒಪ್ಪಂದದ ಮೊತ್ತ 13 ಕೋಟಿ ಡಾಲರ್. 2007ರಲ್ಲಿ ನಾಯಿ ಕಾಳಗದ ಕೇಸಿನಲ್ಲಿ 23 ತಿಂಗಳ ಶಿಕ್ಷೆಯಾಯಿತು. ನಾಯಿಗಳ ಆರೈಕೆಗೆ ಅಂತ 9 ಲಕ್ಷ ಡಾಲರ್‌ಗೂ ಜಾಸ್ತಿ ದುಡ್ಡು ಕಟ್ಟಬೇಕಾಯಿತು, ಒಳಗಿದ್ದಾಗಲೇ ದಿವಾಳಿಯೂ ಆದ. 2009ರಲ್ಲಿ ಜೈಲಿನಿಂದ ಹೊರಗೆ ಬಂದು ಗೃಹಬಂಧನದಲ್ಲಿದ್ದಾಗ ಮಾಡಿದ್ದು ಗಂಟೆಗೆ 10 ಡಾಲರ್ ಕೂಲಿಯ ಕಟ್ಟಡದ ಕೆಲಸ. ಆಮೇಲೆ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವನನ್ನು ತೆಗೆದುಕೊಂಡಿತು, ಅದೂ ತಂಡದ ಆಟ ನಡೆಸುವ ಮೊದಲನೇ ಕ್ವಾರ್ಟರ್‌ಬ್ಯಾಕ್ ಆಗಿ ಅಲ್ಲ. ಮೊದಲ ಸೀಸನ್ ಹೆಚ್ಚುಕಡಿಮೆ ಹೊರಗೇ ಕೂತಿದ್ದ. ಟೋನಿ ಡಂಜಿ ಅನ್ನುವ ಹಿರಿಯ ಕೋಚ್ ಅವನನ್ನು ಜೈಲಿಗೇ ಹೋಗಿ ಕಂಡು, ಹೊರಗೆ ಬಂದ ಮೇಲೂ ಬೆನ್ನಿಗೆ ನಿಂತಿದ್ದರು. ಪ್ರಾಣಿ ದಯಾ ಸಂಘಟನೆಯ ಜೊತೆ ಸೇರಿ ಮಕ್ಕಳ ಮುಂದೆ ನಿಂತು ತನ್ನ ತಪ್ಪಿನ ಬಗ್ಗೆ ಮಾತಾಡಿದ. 2010ರಲ್ಲಿ ಅದೇ ಲೀಗ್‌ನ ವರ್ಷದ ಕಮ್‌ಬ್ಯಾಕ್ ಆಟಗಾರ ಅನ್ನಿಸಿಕೊಂಡ. ಎಲ್ಲರೂ ನೆನಪಿಟ್ಟುಕೊಳ್ಳುವುದು ಆ 2010ರ ಕಥೆ. ನನಗೆ ಮುಖ್ಯ ಅನ್ನಿಸಿದ್ದು ಆ 10 ಡಾಲರ್ ಕೂಲಿ, ಆ ಬೆಂಚು. ಕ್ರಮ ಅದೇ ಇರಬೇಕು ಅಂತ ನಿಶ್ಚಯ ಮಾಡಿದೆ. ಮೊದಲು ಕೆಲಸ, ಆಮೇಲೆ ಕೊಡಬೇಕಾದ ದುಡ್ಡು, ಆಮೇಲೆ ತಂಡದವರ ಒಪ್ಪಿಗೆ, ಜೆರ್ಸಿ ಕೊನೆಗೆ.

ಕೆಲಸ ಸಿಕ್ಕಿದ್ದು ಪರಿಚಯದವರ ಆಲೆಮನೆಯಲ್ಲಿ. ಆಲೆಮನೆ ಕೆಲಸ ಅಂದರೆ ಆಟವಲ್ಲ, ಕಬ್ಬು ಹೊರಬೇಕು, ಗಾಣಕ್ಕೆ ಕೊಡಬೇಕು, ಕೊಪ್ಪರಿಗೆ ಮುಂದೆ ಬೆಂಕಿಯ ಕಾವಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಪ್ರೊ ಕಬಡ್ಡಿಯಲ್ಲಿ ಟಿವಿಯಲ್ಲಿ ಕಂಡವನು ಇವನೇ ಅಲ್ವಾ ಅಂತ ಕಬ್ಬಿನ ಗಾಡಿಯವರು ನೋಡಿ ಹೋಗುತ್ತಿದ್ದರು. ಒಂದು ದಿನವೂ ಅವನು ಕೆಲಸ ತಪ್ಪಿಸಲಿಲ್ಲ. ಕೂಲಿ ಅವನ ಬ್ಯಾಂಕ್ ಖಾತೆಗೇ ಬರಬೇಕು ಅಂತ ಮಾಲೀಕರಿಗೆ ಹೇಳಿದ್ದೆ. ಅದರಲ್ಲಿ ಒಂದು ಭಾಗ ಕೋರ್ಟ್ ಹೇಳಿದ ಪರಿಹಾರದ ಬಾಕಿಗೆ ಅಂತ ಎತ್ತಿಡುತ್ತಿದ್ದ. ಕಣ್ಣು ಕಳೆದುಕೊಂಡವನಿಗೆ ದುಡ್ಡು ತಲುಪಲು ಶುರುವಾಗುವ ಮೊದಲು ಇವನಿಗೆ ಚಪ್ಪಾಳೆ ಬೀಳಬಾರದು. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ.

ಆ ಹುಡುಗನ ಮನೆಗೆ ನಾನೊಬ್ಬನೇ ಹೋದೆ. ಇವನನ್ನು ಕರೆದುಕೊಂಡು ಹೋಗಿ ಕಾಲಿಗೆ ಬೀಳಿಸಿ ಅಂತ ಕೆಲವರು ಹೇಳಿದ್ದರು. ಅದು ತುಂಬಾ ಕ್ರೂರ ಅಂತ ನನ್ನ ಅಭಿಪ್ರಾಯ. ಮನೆ ಬಾಗಿಲಿಗೆ ಬಂದು ಕಾಲಿಗೆ ಬಿದ್ದರೆ ಆ ಮನೆಯವರು ಏನು ಮಾಡಬೇಕು? ಎದ್ದೇಳಪ್ಪ ಅನ್ನಲೇಬೇಕಾಗುತ್ತೆ. ಕ್ಷಮಿಸಿ ಅಂತ ನಾನು ಕೇಳಲೂ ಇಲ್ಲ. ಅವನು ಮತ್ತೆ ಆಡಬೇಕು ಅಂತಿದ್ದಾನೆ, ನಮ್ಮ ಕ್ಲಬ್ಬಿನಲ್ಲಿ ಸೇರಿಸಿಕೊಳ್ಳುವ ಯೋಚನೆ ಇದೆ, ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು ಅಂತ ಬಂದೆ, ಅಷ್ಟೇ ಹೇಳಿದ್ದು. ತಂದೆ ಎದ್ದು ಒಳಗೆ ಹೋದರು. ತಾಯಿ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಡಲೂ ಇಲ್ಲ, ತಲೆ ಎತ್ತಲೂ ಇಲ್ಲ. ಬಹಳ ಹೊತ್ತಾದ ಮೇಲೆ, "ಆಡ್ಕೊಳ್ಲಿ. ನಮ್ಮೂರ ಜಾತ್ರೆ ಕಬಡ್ಡಿಗೆ ಮಾತ್ರ ಬರಬಾರದು, ನನ್ನ ಮಗ ಅಲ್ಲಿ ಕೂತ್ಕೊಂಡು ನೋಡ್ತಾನೆ" ಅಂದರು. ಆ ಜಾತ್ರೆಯ ಪಂದ್ಯಾವಳಿಗೆ ನಮ್ಮ ಕ್ಲಬ್ಬು ಇವತ್ತಿಗೂ ಅವನನ್ನು ಕರೆದುಕೊಂಡು ಹೋಗುವುದಿಲ್ಲ. ಅವನಿಲ್ಲದೆ ಸೋತರೂ ಪರವಾಗಿಲ್ಲ.

ತಂಡದ ವಿಷಯ ಇನ್ನೂ ಕಷ್ಟದ್ದು. ಕಬಡ್ಡಿಯಲ್ಲಿ ಡಿಫೆನ್ಸ್ ಮಾಡುವಾಗ ಪಕ್ಕದವನ ಕೈ ಹಿಡಿದು ಚೈನ್ ಕಟ್ಟಬೇಕು, ರೈಡರ್ ಆದರೂ ಎದುರಾಳಿ ಒಳಗೆ ಬಂದಾಗ ಅವನೂ ಚೈನ್‌ನಲ್ಲಿ ಒಬ್ಬ. ಬಲಗಡೆ ಡಿಫೆನ್ಸ್‌ನಲ್ಲಿ ನಿಲ್ಲುವ ನಮ್ಮ ರೈಟ್ ಕವರ್ ಹುಡುಗ ನೇರವಾಗಿ ಹೇಳಿದ: "ಸಾರ್, ಆ ಕೈ ನಾನು ಹಿಡಿಯಲ್ಲ." ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಪಾಕಿಸ್ತಾನದ ಕ್ರಿಕೆಟ್ ಬೌಲರ್ ಮೊಹಮ್ಮದ್ ಆಮಿರ್ ಫಿಕ್ಸಿಂಗ್ ಕೇಸಿನ ಶಿಕ್ಷೆ, ನಿಷೇಧ ಮುಗಿಸಿ 2015ರ ಕೊನೆಗೆ ತರಬೇತಿ ಶಿಬಿರಕ್ಕೆ ಬಂದಾಗಲೂ ಹೀಗೇ ಆಗಿತ್ತು, ಮೊಹಮ್ಮದ್ ಹಫೀಜ್, ಅಜರ್ ಅಲಿ ಇಬ್ಬರೂ ಅವನಿರುವ ಶಿಬಿರಕ್ಕೆ ಬರುವುದಿಲ್ಲ ಅಂದುಬಿಟ್ಟಿದ್ದರು. ಅಜರ್ ಅಲಿ ಆಗ ಏಕದಿನ ತಂಡದ ಕ್ಯಾಪ್ಟನ್. ಆಮೇಲೆ ಮಾತುಕತೆಯಾಗಿ ಬಂದರು. ತಪ್ಪು ಮಾಡದೆ ವರ್ಷಗಟ್ಟಲೆ ಬೆವರು ಸುರಿಸಿದ ಹುಡುಗನಿಗೆ ಬೇಡ ಅನ್ನುವ ಹಕ್ಕು ಇದ್ದೇ ಇದೆ. ನಾವು ಎಲ್ಲರನ್ನೂ ಕೂರಿಸಿಕೊಂಡು ಒಬ್ಬೊಬ್ಬರ ಮಾತನ್ನೂ ಕೇಳಿದೆವು, ಅವನು ಹೊರಗಿರುವಾಗಲೇ ಕೇಳಿದೆವು. ಜಾಸ್ತಿ ಜನ ಹೂಂ ಅಂದರು. ಕವರ್ ಹುಡುಗ ಹೂಂ ಅನ್ನಲಿಲ್ಲ, ತಂಡ ಬಿಡುವುದಿಲ್ಲ ಅಂದ ಅಷ್ಟೇ. ಇಬ್ಬರನ್ನೂ ಬೇರೆ ಬೇರೆ ಚೈನ್‌ನಲ್ಲಿ ಹಾಕಿದೆ. ಇವತ್ತಿಗೂ ಇಬ್ಬರಿಗೂ ಮಾತಿಲ್ಲ, ಒಂದೇ ತಂಡದಲ್ಲಿ ಆಡುತ್ತಾರೆ. ರಾಜಿ ಮಾಡಿಸಿ ಕೈ ಕುಲುಕಿಸಬೇಕು ಅಂತ ನಾನು ಹೊರಟಿಲ್ಲ.

ಇನ್ನು ಪ್ರಾಕ್ಟೀಸ್. ಮೈ ಇಳಿದಿತ್ತು, ಅದು ಗೊತ್ತಿದ್ದದ್ದೇ. ಅಪಾಯ ಏನಪ್ಪಾ ಅಂದರೆ, ತಲೆಗೆ ಹಳೆಯ ವೇಗ ನೆನಪಿರುತ್ತದೆ, ತೊಡೆಯ ಹಿಂದಿನ ಸ್ನಾಯುವಿಗೆ ನೆನಪಿರುವುದಿಲ್ಲ. ಮೊದಲ ವಾರವೇ ಜೋರಾಗಿ ಓಡಿಸಿದರೆ ಹ್ಯಾಮ್‌ಸ್ಟ್ರಿಂಗ್ ಹರಿದುಕೊಂಡು ಸೀಸನ್ ಪೂರ್ತಿ ಮನೆಯಲ್ಲಿ ಕೂರುತ್ತಾನೆ. ನಡಿಗೆ, ನಿಧಾನ ಓಟ, ಮೊಣಕಾಲು ಪಾದದ ಕೀಲುಗಳಿಗೆ ವ್ಯಾಯಾಮ, ಇಷ್ಟರಲ್ಲೇ ಬಹಳ ದಿನ ಕಳೆದೆವು. ಉಸಿರೂ ಕಮ್ಮಿಯಾಗಿತ್ತು. ರೈಡ್‌ಗೆ 30 ಸೆಕೆಂಡ್ ಇರುತ್ತೆ, ಅಷ್ಟೂ ಹೊತ್ತು ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನಬೇಕಲ್ಲ, ಅವನಿಗೆ ಅರ್ಧಕ್ಕೇ ನಿಲ್ಲುತ್ತಿತ್ತು. ಇವೆಲ್ಲ ತಿಂಗಳುಗಳಲ್ಲಿ ಸರಿಹೋಗುವ ಸಂಗತಿಗಳು, ಯಾವ ಫಿಸಿಯೋ ಬೇಕಾದರೂ ಹೇಳಿಕೊಡುತ್ತಾರೆ.

ಯಾರೂ ಹೇಳಿಕೊಡದ ಇನ್ನೊಂದು ವಿಷಯ ಇತ್ತು. ಅವನು ಪ್ರತಿಯೊಂದಕ್ಕೂ ಅನುಮತಿ ಕೇಳುತ್ತಿದ್ದ. "ಸಾರ್, ನೀರು ಕುಡೀಲಾ?" "ಸಾರ್, ಶೂ ಬಿಚ್ಚಲಾ?" "ಸಾರ್, ಕೂತ್ಕೊಳ್ಲಾ?" ಕೇಳಿ ಉತ್ತರ ಬರುವವರೆಗೆ ಕೈ ಕಟ್ಟಿಕೊಂಡು ನಿಂತಿರುತ್ತಿದ್ದ. ಒಳಗೆ ವರ್ಷಗಟ್ಟಲೆ ಏಳುವುದು, ತಿನ್ನುವುದು, ಮಲಗುವುದು ಎಲ್ಲ ಬೇರೆಯವರು ಹೇಳಿದ ಹೊತ್ತಿಗೇ ಆಗಿರುತ್ತೆ. ನೋಡುವವರಿಗೆ ಇದು ವಿನಯದ ಹಾಗೆ ಕಾಣುತ್ತೆ, ಎಷ್ಟು ತಿದ್ದಿಕೊಂಡಿದ್ದಾನೆ ನೋಡಿ ಅಂತ ನಮ್ಮ ಕಮಿಟಿಯವರು ಖುಷಿಪಟ್ಟರು. ನನಗೆ ಭಯವಾಯಿತು. ರೈಡರ್ ಅಂದರೆ ಒಬ್ಬನೇ ಒಳಗೆ ಹೋಗಿ, ಏಳು ಜನ ಎದುರಿಗಿರುವಾಗ, ಬೋನಸ್ ಗೆರೆ ದಾಟಿ ಪಾಯಿಂಟ್ ತೆಗೆದುಕೊಳ್ಳಬೇಕಾ, ಕಾರ್ನರ್‌ನಲ್ಲಿ ನಿಂತ ಡಿಫೆಂಡರ್ ಮೇಲೆ ಹೋಗಬೇಕಾ, ವಾಪಸ್ ಬರಬೇಕಾ ಅಂತ ತಾನೇ ತೀರ್ಮಾನ ಮಾಡಬೇಕಾದವನು. ಮ್ಯಾಟ್ ಮೇಲೆ ಅವನು, ರೈಡರ್ ದಾಟಲೇಬೇಕಾದ ಬಾಲ್ಕ್ ಲೈನ್ ದಾಟಿ ನಿಂತು ನನ್ನ ಮುಖ ನೋಡುತ್ತಿದ್ದ! ಅಷ್ಟರಲ್ಲಿ ಕಾರ್ನರ್‌ನವನು ಪಾದದ ಗಂಟು ಹಿಡಿದು ಆಂಕಲ್ ಹೋಲ್ಡ್ ಹಾಕಿ ಬೀಳಿಸಿರುತ್ತಿದ್ದ.

ಅಲ್ಲಿಂದ ನಾನು ಹೇಳುವುದನ್ನೇ ನಿಲ್ಲಿಸಿದೆ. ನೀರು ಕುಡೀಲಾ ಅಂದರೆ ಉತ್ತರ ಕೊಡುತ್ತಿರಲಿಲ್ಲ. ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ಡು ಆರ್ ಡೈ ರೈಡ್‌ಗಳನ್ನೆಲ್ಲ ಅವನಿಗೇ ಬಿಟ್ಟೆ, ಎರಡು ರೈಡ್ ಖಾಲಿ ಹೋದ ಮೇಲೆ ಬರುವ ಮೂರನೆಯದು, ಪಾಯಿಂಟ್ ತರದಿದ್ದರೆ ಔಟ್. ಆ ರೈಡ್ ಶುರುವಾದ ತಕ್ಷಣ ನಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ, ನೋಡಲು ಮುಖವೇ ಸಿಗಬಾರದು ಅಂತ. ಮೊದಮೊದಲು ಔಟಾಗಿ ಔಟಾಗಿ ಬೇಸರಪಟ್ಟ. ಒಂದು ಸಂಜೆ ಹಿಂದೆ ಗಲಾಟೆ ಕೇಳಿಸಿತು, ತಿರುಗಿ ನೋಡಿದರೆ ಇಬ್ಬರನ್ನು ಮುಟ್ಟಿ ವಾಪಸ್ ಬಂದಿದ್ದ. ಬಂದವನು ಸೀದಾ ಹೋಗಿ ಬಾಟಲಿ ತೆಗೆದು ನೀರು ಕುಡಿದ. ಯಾರನ್ನೂ ಕೇಳಲಿಲ್ಲ. ಜೆರ್ಸಿ ಕೊಡುವ ಹೊತ್ತು ಬಂತು ಅಂತ ನನಗೆ ಅನ್ನಿಸಿದ್ದು ಆವಾಗ.

ಇನ್ನೊಂದು ವಿಷಯಕ್ಕೆ ಎಲ್ಲ ಕೋಚ್‌ಗಳೂ ಗಮನ ಕೊಡಬೇಕು. ಅವನ ಅಪರಾಧ ನಡೆದದ್ದು ಮ್ಯಾಟ್ ಮೇಲಲ್ಲ, ಪಂದ್ಯ ಮುಗಿದ ಮೇಲಿನ ಒಂದೆರಡು ಗಂಟೆಯಲ್ಲಿ. ಗೆದ್ದ ಹುರುಪು, ಕೈಯಲ್ಲಿ ದುಡ್ಡು, ನಡುರಾತ್ರಿ, ಡಾಬಾ. ಕಾವಲು ಬೇಕಿರುವುದು ಅಲ್ಲಿ. ಈಗ ನಮ್ಮಲ್ಲಿ ಪಂದ್ಯ ಮುಗಿದರೆ ಊಟ ಮೈದಾನದಲ್ಲೇ, ಎಲ್ಲರೂ ಒಂದೇ ವ್ಯಾನ್‌ನಲ್ಲಿ ವಾಪಸ್, ಬಹುಮಾನದ ಹಣ ಮಾರನೇ ದಿನ ಖಾತೆಗೆ. ಈ ನಿಯಮ ಅವನೊಬ್ಬನಿಗೆ ಅಲ್ಲ, ಇಡೀ ತಂಡಕ್ಕೆ. ಅಪರಾಧ ಬೇರೆಯಾದರೆ ಕಾವಲೂ ಬೇರೆ ಕಡೆ ಇರಬೇಕು. ಆಮಿರ್ 2010ರಲ್ಲಿ ಲಾರ್ಡ್ಸ್‌ನಲ್ಲಿ ದುಡ್ಡಿಗಾಗಿ ಬೇಕಂತಲೇ ನೋಬಾಲ್ ಹಾಕಿದಾಗ ಅವನಿಗೆ 18 ವರ್ಷ. ಅದು ಆಟಕ್ಕೇ ಮಾಡಿದ ಮೋಸ. ಆರು ತಿಂಗಳ ಶಿಕ್ಷೆ, ಐದು ವರ್ಷ ನಿಷೇಧ ಎರಡೂ ಆದವು. ಭ್ರಷ್ಟಾಚಾರ ತಡೆಯ ಪಾಠಗಳಿಗೆ ಕೂತು, ಮೊದಲು ದೇಶೀಯ ಕ್ರಿಕೆಟ್ ಆಡಿ, ಆಮೇಲೆ 2016ರ ಜನವರಿಯಲ್ಲಿ ದೇಶಕ್ಕೆ ಆಡಿದ. ಫಿಕ್ಸಿಂಗ್ ಮಾಡಿದವನ ವಿಷಯದಲ್ಲಿ ಫೋನು, ಹೋಟೆಲ್ ಕೋಣೆ, ಪರಿಚಯ ಮಾಡಿಕೊಳ್ಳಲು ಬರುವ ಹೊಸ ಮನುಷ್ಯರು, ಇವುಗಳ ಮೇಲೆ ಕಣ್ಣಿಡಬೇಕು. ವ್ಯಾನ್‌ನಲ್ಲಿ ಕರೆದುಕೊಂಡು ಬಂದರೆ ಏನೂ ಪ್ರಯೋಜನವಿಲ್ಲ.

ಆಮಿರ್ ನ್ಯೂಜಿಲೆಂಡ್‌ಗೆ ಹೋದಾಗ ವೆಲ್ಲಿಂಗ್ಟನ್‌ನಲ್ಲಿ ಅವನು ಬೌಲಿಂಗ್ ಮಾಡುವಾಗ ಮೈಕ್‌ನವರು ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದು ಹಾಕಿದ್ದರು. ಕ್ರಿಕೆಟ್ ಮಂಡಳಿ ಆಮೇಲೆ ಕ್ಷಮೆ ಕೇಳಿತು. ನಮ್ಮ ಊರುಗಳ ಕಬಡ್ಡಿ ಕಾಮೆಂಟರಿ ಗೊತ್ತಲ್ಲ, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಾರೆ. ಹಾಗಾಗಿ ಅವನು ಆಡುವ ಪಂದ್ಯಾವಳಿಗೆ ಮೊದಲೇ ಹೋಗಿ, ಹೆಸರು ಮತ್ತು ನಂಬರ್ ಬಿಟ್ಟು ಇನ್ನೇನೂ ಹೇಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ಹೊಗಳುವುದೂ ಬೇಡ. ಜನ ಕೂಗುತ್ತಾರೆ, ಅದನ್ನು ತಡೆಯಲು ಆಗಲ್ಲ, ಅವನೇ ತಡೆದುಕೊಳ್ಳಬೇಕು.

ಎಲ್ಲರಿಗೂ ಹೀಗೇ ಮಾಡುತ್ತೀರಾ ಅಂತ ಕೇಳುತ್ತಾರೆ. ಇಲ್ಲ. ಹೆಣ್ಣುಮಕ್ಕಳ ಮೇಲೆ, ಮಕ್ಕಳ ಮೇಲೆ ಕೈ ಹಾಕಿ ಶಿಕ್ಷೆಯಾದವನನ್ನು ನಮ್ಮ ಮೈದಾನದ ಗೇಟ್ ದಾಟಲು ಬಿಡುವುದಿಲ್ಲ, ಬೆಳಗಿನ ಬ್ಯಾಚ್‌ನಲ್ಲಿ ಶಾಲೆ ಹುಡುಗ ಹುಡುಗಿಯರು ಬರುತ್ತಾರೆ. ನಾನು ಮಾಡಿಲ್ಲ ಅಂತ ಇನ್ನೂ ವಾದಿಸುವವನ ದಾರಿ ಕೋರ್ಟ್, ನನ್ನ ಹತ್ತಿರ ಅವನಿಗೆ ಕೊಡಲು ಏನೂ ಇಲ್ಲ. ಕ್ರಿಕೆಟ್ ಬೌಲರ್ ಶ್ರೀಶಾಂತ್ ಕೇಸ್ ಹಾಗೇ ನಡೆಯಿತು. 2013ರಲ್ಲಿ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಬಂಧನ, 2015ರಲ್ಲಿ ದೆಹಲಿಯ ಕೋರ್ಟ್ ಆರೋಪದಿಂದ ಬಿಡುಗಡೆ ಮಾಡಿದರೂ ಮಂಡಳಿಯ ನಿಷೇಧ ಉಳಿಯಿತು, ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಅದು ಏಳು ವರ್ಷಕ್ಕೆ ಇಳಿದು 2020ರ ಸೆಪ್ಟೆಂಬರ್‌ನಲ್ಲಿ ಮುಗಿದಾಗ ಅವರಿಗೆ 37 ವರ್ಷ. ಕೇರಳಕ್ಕೆ ಮತ್ತೆ ಆಡಿದರು, 2022ರಲ್ಲಿ ನಿವೃತ್ತಿ. ವೇಗದ ಬೌಲರ್‌ಗಾಗಲಿ ರೈಡರ್‌ಗಾಗಲಿ ಆ ವರ್ಷಗಳು ವಾಪಸ್ ಬರಲ್ಲ.

ನಮ್ಮವನಿಗೂ ವಯಸ್ಸಾಗುತ್ತಿದೆ. ಪ್ರೊ ಕಬಡ್ಡಿ ಹರಾಜಿನಲ್ಲಿ ಮತ್ತೆ ಹೆಸರು ಬರುತ್ತೆ ಅಂತ ನಾನೂ ಹೇಳಿಲ್ಲ, ಅವನೂ ಕೇಳಿಲ್ಲ. ಪರಿಹಾರದ ಕೊನೆಯ ಕಂತು ಬಾಕಿ ಇದೆ, ಈ ಸೀಸನ್‌ನ ಬಹುಮಾನದ ಹಣದಲ್ಲಿ ಅದು ತೀರುತ್ತೆ. ಆಲೆಮನೆ ಕೆಲಸ ಬಿಟ್ಟಿಲ್ಲ. ಖಾಸಗಿ ಕಾರ್ಖಾನೆಗಳಲ್ಲಿ ತಂಡ ಕಟ್ಟುವವರು ಕೆಲವರಿದ್ದಾರೆ, ಅವರ ಹತ್ತಿರ ಒಂದು ಕಾಯಂ ಕೆಲಸಕ್ಕೆ ಓಡಾಡುತ್ತಿದ್ದೇನೆ. ಪೊಲೀಸ್ ವೆರಿಫಿಕೇಷನ್ ಅಂದ ಕೂಡಲೇ ಮಾತು ನಿಲ್ಲುತ್ತೆ. ಅಂಥ ಕಾರ್ಖಾನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಂದು ಒಂದು ಸಂಜೆ ಪ್ರಾಕ್ಟೀಸ್ ನೋಡಿ. ಮುಚ್ಚಿಡದೆ ಎಲ್ಲ ಕಾಗದ ತೋರಿಸುತ್ತೇನೆ, ತೀರ್ಪಿನ ಪ್ರತಿ ಕೂಡ.