ಹಳೆ ಸ್ಪ್ಲೆಂಡರ್ ಮನ್ಯಾಗ ಸ್ಕ್ರ್ಯಾಂಬ್ಲರ್ ಮಾಡೋದು, ಎರಿ ಮಣ್ಣಿಗೆ ಒಗ್ಗೋ ಹಂಗ

ಅಣ್ಣಿಗೇರಿ ಕಡೆ ನಮ್ಮ ಮಾವಾರ ಹೊಲ ಐತಿ, ಪೂರ್ತಿ ಎರಿ, ಅಂದ್ರ ಕರೆ ಜಿಗಟ ಮಣ್ಣು. ಮುಂಗಾರಿ ಮೊದಲ ಮಳಿ ಆದ ಮರುದಿನ ಆ ದಾರಿಗೆ ಸಾದಾ ಸ್ಪ್ಲೆಂಡರ್ ಇಳಿಸಿದ್ರ ಇನ್ನೂರು ಮೀಟರ್‌ದಾಗ ಮುಂದಿನ ಗಾಲಿ ತಿರುಗೋದ ಬಂದ್, ಯಾಕಂದ್ರ ಟೈರಿಗೂ ಮಡ್‌ಗಾರ್ಡಿಗೂ ನಡುಕಿನ ಸಂದ್ಯಾಗ ಮಣ್ಣು ನಾದಿದ ಹಿಟ್ಟಿನಂಗ ಗಟ್ಟಿ ಕುಂತಬಿಡ್ತೈತಿ, ಇಳೀಬೇಕು, ಕಣಕಿ ದಂಟು ಹುಡುಕಿ ಕೆತ್ತಿ ತಗೀಬೇಕು, ಮತ್ತ ಇನ್ನೂರು ಮೀಟರ್, ಮತ್ತ ಕೆತ್ತು. ಗಾಡಿ ಸ್ಕ್ರ್ಯಾಂಬ್ಲರ್, ಅಂದ್ರ ಡಾಂಬರಿಗೂ ಕಚ್ಚಾ ದಾರಿಗೂ ನಡಿಯೋ ಗಾಡಿ, ಮಾಡಬೇಕು ಅಂತ ನನ್ನ ತಲ್ಯಾಗ ಬಂದಿದ್ದ ಆ ದಾರ್‍ಯಾಗ.

ಸ್ಕ್ರ್ಯಾಂಬ್ಲರ್ ಹುಟ್ಟಿದ್ದೂ ಇಂಥಾ ತ್ರಾಸಿಗೇನ. 1920ರ ದಶಕದಾಗ ಇಂಗ್ಲೆಂಡ್‌ದಾಗ ಗುಡ್ಡ, ಕೆಸರು, ಹಳ್ಳ ದಾಟಿ ಓಡಿಸೋ ರೇಸ್ ಶುರು ಆದಾಗ ಅದಕ್ಕಂತ ಬ್ಯಾರೆ ಗಾಡಿ ಇರ್ಲಿಲ್ಲ, ರೋಡ್ ಗಾಡೀನ ತಗೊಂಡು ಬ್ಯಾಡಾಗಿದ್ದೆಲ್ಲಾ ಬಿಚ್ಚಿ ಒಗದು ಓಡಸ್ತಿದ್ರು. ಈಗ ಕಂಪನಿಯವ್ರ ರೆಡಿಮೇಡ್ ಮಾರ್ತಾರ, ಯೆಜ್ಡಿ ಸ್ಕ್ರ್ಯಾಂಬ್ಲರ್, ಎನ್‌ಫೀಲ್ಡ್ ಸ್ಕ್ರ್ಯಾಮ್ 411 ಎರಡೂ 2022ರಾಗ ಬಂದ್ವು (411 ಈಗ ಬಂದ್ ಆಗೇತಿ), ಅವು ಚೊಲೊನ ಅದಾವ, ಆದ್ರ ಅಷ್ಟು ರೊಕ್ಕ ಕಿಸೇದಾಗ ಇರಬೇಕಲ್ರಿ.

ಗಾಡಿ ಯಾವ್ದು ತಗೋಬೇಕು ಅಂದ್ರ ಸ್ಪ್ಲೆಂಡರ್, ಸಿಡಿ 100, ಹಳೆ ಸಿಬಿಝಡ್, ಇಂಥವು ಸಾಕು. 18 ಇಂಚಿನ ಗಾಲಿ, ಪೈಪಿನ ಫ್ರೇಮು, ಸಾಮಾನು ಯಾವ ಊರಾಗ ಕೇಳಿದ್ರೂ ಸಿಗ್ತಾವ. ಆರ್‌ಎಕ್ಸ್ 100 ಕೈಯಾಗಿದ್ರ ದಯವಿಟ್ಟು ಅದರ ಮ್ಯಾಲ ಗ್ರೈಂಡರ್ ಹಚ್ಚಬ್ಯಾಡ್ರಿ, ಹೆಂಗೈತೋ ಹಂಗ ಮಾರಿದ್ರ ಆ ರೊಕ್ಕದಾಗ ಎರಡು ಸ್ಪ್ಲೆಂಡರ್ ಬಂದಾವು. ಎಂಜಿನ್ ಹೊಗಿ ಬಿಡ್ತೈತೇನು ನೋಡ್ರಿ, ಮುಂದಿನ ಗಾಲಿ ಎತ್ತಿಸಿ ಅದನ್ನ ಹಿಡದಿರೋ ಫೋರ್ಕ್ ಹಿಂದ ಮುಂದ ಅಲುಗಾಡಿಸ್ರಿ, ಟಕ್ ಟಕ್ ಅಂದ್ರ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಹೋಗೇತಿ ಅಂತ ತಿಳೀರಿ. ಹಿಂದಿನ ಗಾಲಿ ಹಿಡದಿರೋ ಸ್ವಿಂಗ್ ಆರ್ಮ್ ಬುಶ್‌ನೂ ಹಂಗ ನೋಡಬೇಕು. ಇವೆರಡು ಸುದ್ದ ಮಾಡದ ಬಣ್ಣಕ್ಕ ಕೈ ಹಾಕೋದು ಅಂದ್ರ ಸೋರೋ ಮನಿಗೆ ಸುಣ್ಣ ಹಚ್ಚಿದಂಗ.

ಕಾನೂನಿಂದು ಈಗ ಹೇಳಿಬಿಡ್ತೀನಿ, ಕಡೀಕ ಬರದ್ರ ಯಾರೂ ಓದಂಗಿಲ್ಲ. ಮೋಟಾರು ವಾಹನ ಕಾಯ್ದೆ ಕಲಂ 52 ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪ ಬದಲು ಮಾಡಂಗಿಲ್ಲ, 2019ರ ಜನವರಿಯೊಳಗ ಸುಪ್ರೀಂ ಕೋರ್ಟೂ ಅದನ್ನ ಗಟ್ಟಿ ಮಾಡಿ ಹೇಳೇತಿ, ಅದ ವರ್ಷದ ತಿದ್ದುಪಡಿ ಆದಮ್ಯಾಲ ಒಂದೊಂದು ಬದಲಾವಣಿಗೆ 5000 ರೂಪಾಯಿ ದಂಡ, ಇಲ್ಲಾ 6 ತಿಂಗಳತನಕ ಜೈಲು, ಇಲ್ಲಾ ಎರಡೂ. ಬಣ್ಣ ಬದಲಾದ್ರೂ ಆರ್‌ಸಿದಾಗ ನಮೂದು ಆಗಬೇಕು. ಹಿಂದ ಕುಂತವ್ರ ಅರಿವಿ ಗಾಲಿಗೆ ಸಿಗದಂಗ ಅರ್ಧ ಗಾಲಿ ಮುಚ್ಚೋ ಗಾರ್ಡ್ ಇರಬೇಕು ಅಂತನೂ ನಿಯಮ ಐತಿ, ಭಾಳ ಮಂದಿ ಮೊದಲು ಬಿಚ್ಚಿ ಒಗಿಯೋದ ಆ ಸೀರಿ ಗಾರ್ಡ್. ನಮ್ಮವ್ವ ಒಂದ ಕಡೆ ಕಾಲು ಇಟ್ಟು ಕುಂದರೋಕಿ, ಅದಕ್ಕ ನಮ್ಮನ್ಯಾಗ ಅದರ ಬಗ್ಗೆ ಚರ್ಚೆನ ಇಲ್ಲ. ಫ್ರೇಮಿಗೆ ಒಂದೂ ಕಟ್ ಹಾಕಬ್ಯಾಡ್ರಿ, ಎಲ್ಲಾ ನಟ್ಟು ಬೋಲ್ಟಿನ ಮ್ಯಾಲ ಕುಂದರೋ ಹಂಗ ಮಾಡ್ರಿ, ಬಿಚ್ಚಿದ್ದು ಒಂದೂ ಗುಜರಿಗೆ ಹಾಕಬ್ಯಾಡ್ರಿ. 15 ವರ್ಷ ಆದಮ್ಯಾಲ ಆರ್‌ಸಿ ರಿನ್ಯೂ ಮಾಡ್ಸಾಕ ಗಾಡಿ ತೋರ್ಸಬೇಕಾಗ್ತೈತಿ, ಒಂದು ಐತವಾರ ಕುಂತ್ರ ಗಾಡಿ ಮೊದಲಿನಂಗ ಆಗಬೇಕು. ಏನು ಬದಲು ಮಾಡ್ತೀರೋ ಅದನ್ನ ಆರ್‌ಟಿಓದಾಗ ಮೊದಲ ಕೇಳ್ರಿ, ಇನ್ಶೂರೆನ್ಸ್‌ನವ್ರಿಗೂ ತಿಳಿಸ್ರಿ.

ಬಿಚ್ಚೋ ಕೆಲಸಕ್ಕ ಪಾನಾ ಸೆಟ್ಟು, ಟೀ ಪಾನಾ, ಸುತ್ತಿಗಿ, ತುಕ್ಕು ಬಿಡಸೋ ಸ್ಪ್ರೇ ಇಷ್ಟಿದ್ರ ನಡೀತೈತಿ. ಒಂದೊಂದು ಬಿಚ್ಚೂ ಮುಂದ ಮೊಬೈಲ್‌ಲೆ ಫೋಟೋ ಹೊಡ್ಕೋರಿ. ಬೋಲ್ಟುಗಳಿಗೆ ನಾನು ಪೇಡೆ ಡಬ್ಬಿ ಇಟ್ಟಿದ್ದೆ, ಧಾರವಾಡದಾಗಿದ್ದು ಪೇಡೆ ಡಬ್ಬಿಗೆ ಏನು ಬರ, ಮ್ಯಾಲ ಮಾರ್ಕರ್‌ಲೆ ಹಿಂದಿನ ಮಡ್‌ಗಾರ್ಡ್, ಟ್ಯಾಂಕ್, ಹ್ಯಾಂಡಲ್ ಅಂತ ಬರದು. ಟ್ಯಾಂಕ್ ತಗದು ದೂರ ಇಡ್ರಿ, ಖಾಲಿ ಐತಿ ಅಂತ ಅದಕ್ಕ ವೆಲ್ಡಿಂಗ್ ಹಚ್ಚಾಕ ಹೋಗಬ್ಯಾಡ್ರಿ, ಒಳಗಿನ ಪೆಟ್ರೋಲ್ ಹಬೆನ ಸ್ಫೋಟ ಆಗ್ತೈತಿ.

ಈಗ ಮುಂದಿನ ಮಡ್‌ಗಾರ್ಡ್, ಇದರಾಗನ ಎಲ್ಲಾ ಐತಿ. ಅದನ್ನ ಬಿಚ್ಚಿ, ಮ್ಯಾಲ ಹ್ಯಾಂಡಲ್ ಕೆಳಗಿನ ಟೀಗೆ (ಫೋರ್ಕಿನ ಎರಡೂ ಕಾಲು ಹಿಡಿಯೋ ತುಂಡು) ಎತ್ತರದ ಪ್ಲಾಸ್ಟಿಕ್ ಮಡ್‌ಗಾರ್ಡ್ ಹಾಕ್ತಾರ, ಟೈರ್ ಹತ್ರ ಮಣ್ಣು ಸಿಕ್ಕೊಳ್ಳೋ ಇಕ್ಕಟ್ಟು ಸಂದಿನ ಉಳಿಯಂಗಿಲ್ಲ, ಎರಿ ಮಣ್ಣು ತಾನ ಸಿಡದು ಹೋಗ್ತೈತಿ. ಆದ್ರ ಆ ಹಳೆ ಮಡ್‌ಗಾರ್ಡಿನ ಕಬ್ಬಣದ ಪಟ್ಟಿ ಐತಲ್ರಿ, ಅದು ಎರಡೂ ಫೋರ್ಕ್ ಕಾಲು ಒಂದಕ್ಕೊಂದು ಹಿಡಕೊಂಡಿರ್ತೈತಿ. ಅದನ್ನ ತಗದು ಸುಮ್ನ ಬಿಟ್ರ ಕಾಲು ಬ್ಯಾರೆ ಬ್ಯಾರೆ ತಿರುಚ್ತಾವ, ತಗ್ಗಿನ್ಯಾಗ ಹ್ಯಾಂಡಲ್ ಒಂದು ಕಡೆ ಗಾಲಿ ಒಂದು ಕಡೆ ಹೊಂಟಂಗ ಅನಸ್ತೈತಿ. ಅದಕ್ಕ ಅದ ಬೋಲ್ಟಿನ ತೂತಿಗೆ 5 ಎಂಎಂ ಪಟ್ಟಿ ಬಗ್ಗಿಸಿ ಕಮಾನ್ ಮಾಡ್ಸಿ ಹಾಕ್ರಿ, ಲೇಥ್ ಅಂಗಡ್ಯಾಗ ಅರ್ಧ ತಾಸಿನ ಕೆಲಸ. ಕಮಾನಿಗೂ ಟೈರಿಗೂ ಎರಡು ಇಂಚು ಬಿಡ್ರಿ, ಇಲ್ಲಾಂದ್ರ ಮಣ್ಣು ಅಲ್ಲೇ ಮನಿ ಮಾಡ್ತೈತಿ.

ಮ್ಯಾಲಿನ ಮಡ್‌ಗಾರ್ಡ್ ಎಷ್ಟು ಎತ್ತರ ಇರಬೇಕು ಅನ್ನೋದು ಕಣ್ಣಳತಿ ಮ್ಯಾಲ ಬ್ಯಾಡ. ಗಾಡಿ ಸ್ಟ್ಯಾಂಡ್ ಮ್ಯಾಲ ಹಾಕಿ, ಫೋರ್ಕಿನ ಮ್ಯಾಲಿನ ಬೋಲ್ಟು ನಿಧಾನ ಬಿಚ್ಚಿ (ಒಳಗ ಸ್ಪ್ರಿಂಗ್ ಒತ್ತಿ ಕುಂತಿರ್ತೈತಿ, ಮಾರಿ ಮುಂದ ಇಡಬ್ಯಾಡ್ರಿ) ಸ್ಪ್ರಿಂಗ್ ಹೊರಗ ತಗೀರಿ, ಗಾಲಿ ಪೂರ್ತಿ ಮ್ಯಾಲ ಎತ್ತಿ ಒತ್ತ್ರಿ, ಆವಾಗ ಟೈರ್ ಎಲ್ಲಿಗೆ ಬರ್ತೈತಿ ಅಂತ ಗೊತ್ತಾಗ್ತೈತಿ. ಅಲ್ಲಿಂದ ಮ್ಯಾಲ ಕಡಿಮಿ ಅಂದ್ರೂ ಎರಡು ಬೆರಳು ಜಾಗ ಉಳೀಬೇಕು. ಅದು ಬಿಚ್ಚಿದ್ದಾಗನ ಫೋರ್ಕ್ ಆಯಿಲ್ ಬದಲಿ ಮಾಡ್ಕೋರಿ, ಎರಡೂ ಕಡೆ ಸಮ.

ಟೈರು. ಸ್ಪ್ಲೆಂಡರ್ ರಿಮ್ ತೆಳ್ಳಗೈತಿ, ಅದಕ್ಕ ದಪ್ಪ ಟೈರ್ ಏರಿಸಿದ್ರ ಬಲೂನಿನಂಗ ಗುಂಡಗ ಆಗಿ ತಿರುವಿನ್ಯಾಗ ಜಾರ್ತೈತಿ. ಮುಂದ 2.75-18 ಇದ್ದಲ್ಲೆ ಹೆಚ್ಚಂದ್ರ 3.00-18, ಹಿಂದ ಅದಕ್ಕಿಂತ ಒಂದ ಸೈಜ್ ಮ್ಯಾಲ, ಅಷ್ಟ. ಬ್ಲಾಕ್ ಬ್ಲಾಕ್ ಇರೋ, ಡಾಂಬರು ಮಣ್ಣು ಎರಡಕ್ಕೂ ನಡಿಯೋ ಟೈರ್ ತಗೋರಿ. ಪೂರ್ತಿ ಮುಳ್ಳು ಮುಳ್ಳಿನ ಟೈರ್ ಗೋಕುಲ ರೋಡಿನ್ಯಾಗ ಮಳಿಗೆ ಭಾಳ ಜಾರ್ತೈತಿ, ಇನ್ನ ಹಸಿ ಎರಿಯೊಳಗ ಖರೇ ಹೇಳ್ಬೇಕಂದ್ರ ಯಾವ ಟೈರೂ ಹಿಡಿಯಂಗಿಲ್ಲ, ಅಲ್ಲೆ ನಿಮ್ಮನ್ನ ಉಳಸೋದು ಟೈರಿನ ಮ್ಯಾಲ ಬಿಟ್ಟ ಆ ಜಾಗಾನ. ಚೈನ್ ಕವರ್ ಇರಲಿ ಬಿಡ್ರಿ, ನೋಡಾಕ ಮುದುಕನಂಗ ಕಂಡ್ರೂ ಅದು ಮಣ್ಣು ತಡೀತೈತಿ.

ಹಿಂದಿನ ಶಾಕಪ್ಸರ್ ಒಂದು ಇಂಚು ಉದ್ದ ಹಾಕಿದ್ರ ಬರೋಬ್ಬರಿ. ಎರಡು ಮೂರು ಇಂಚು ಎತ್ತಿದವ್ರ ಗಾಡಿ ನೋಡೀನಿ, ಮುಂದ ತಲಿ ಬಗ್ಗಿಸಿ ನಿಂತಿರ್ತೈತಿ, ಸ್ಪೀಡ್ ಆದಂಗ ಹ್ಯಾಂಡಲ್ ಅದುರ್ತೈತಿ, ಚೈನ್ ಸ್ವಿಂಗ್ ಆರ್ಮಿಗೆ ತಿಕ್ತೈತಿ, ಸೈಡ್ ಸ್ಟ್ಯಾಂಡ್ ಗಿಡ್ಡ ಆಗಿ ಗಾಡಿ ಬೀಳ್ತೈತಿ.

ಸೈಲೆನ್ಸರ್ ಕತಿ ನಂದ ಹೇಳ್ತೀನಿ. ಫೋಟೋದಾಗ ಮ್ಯಾಲ ಎತ್ತಿದ ಪೈಪ್ ನೋಡಿ ಹುಚ್ಚು ಹಿಡದಿತ್ತು, ಒಂದು ವೆಲ್ಡಿಂಗ್ ಅಂಗಡಿಗೆ ಒಯ್ದು ಹೊಸಾ ಪೈಪ್ ಬಗ್ಗಿಸಿ ಸೀಟಿನ ಬಾಜೂಕ ತಂದ್ವಿ, ಸಂಜಿಮುಂದ ನೋಡಾಕ ಅಗದಿ ಮಸ್ತ್. ಕಿಕ್ ಹೊಡಿಯಾಕ ಹೋದ್ರ ಕಿಕ್ಕರ್ ಹೊರಗ ತಿರುಗಿದ ಕೂಡ್ಲೆ ಪೈಪಿಗೆ ಬಡೀತು. ಸ್ಪ್ಲೆಂಡರಿಗೆ ಕಿಕ್ಕರ್, ಬ್ರೇಕ್ ಪೆಡಲ್, ಸೈಲೆನ್ಸರ್ ಮೂರೂ ಬಲಗಡೆನ, ಇದು ನಾ ದಿನಾ ಒದಿಯೋ ಗಾಡಿ, ಆದ್ರೂ ಹೊಳೀಲಿಲ್ಲ ನೋಡ್ರಿ. ದೂಕಿ ಚಾಲೂ ಮಾಡಿ ಉಣಕಲ್ ತನಕ ಹೋಗೂದ್ರೊಳಗ ಪ್ಯಾಂಟ್ ಸುಟ್ಟು ಮೀನಗಂಡ ಬೊಬ್ಬಿ ಬಂತು. ಸಣ್ಣ ಎಂಜಿನ್ನಿಗೆ ತೆರದ ಪೈಪ್ ಹಾಕಿದ್ದಕ್ಕ ಕಡಿಮಿ ಸ್ಪೀಡಿನ ಎಳತಾನೂ ಹೋಗಿತ್ತು, ಸಪ್ಪಳ ಅಷ್ಟ ಜೋರು. ಅಟ್ಟದ ಮ್ಯಾಲಿಂದ ಹಳೆ ಸೈಲೆನ್ಸರ್ ಇಳಿಸಿ ವಾಪಸ್ ಹಾಕ್ದೆ, ಅದ ಈಗೂ ಐತಿ. ಅದರ ಬೆಂಡಿಗೆ ಕಲ್ಲು ಬಡೀಬಾರದಂತ ಕೆಳಗ 3 ಎಂಎಂ ಅಲ್ಯುಮಿನಿಯಂ ಪ್ಲೇಟ್ ಕೊಡಿಸೀನಿ, ಮಣ್ಣು ಉದರ್‍ಲಿ ಅಂತ ತೂತು, ಆಯಿಲ್ ಬೋಲ್ಟಿನ ಕೆಳಗ ಒಂದು ದೊಡ್ಡ ತೂತು. ಯಾವ ಬ್ರಾಕೆಟ್ ಮಾಡ್ಸೂದಿದ್ರೂ ಮೊದಲು ದಪ್ಪ ತಂತಿ ಬಗ್ಗಿಸಿ ಅಲ್ಲೆ ಕಟ್ಟಿ ನೋಡ್ರಿ, ಕಿಕ್ ಒದ್ದು, ಬ್ರೇಕ್ ತುಳದು, ಹಿಂದ ಒಬ್ಬರನ್ನ ಕುಂದ್ರಿಸಿ. ಇನ್ನ ಗಾಡಿ ಮ್ಯಾಲನ ವೆಲ್ಡಿಂಗ್ ಮಾಡೂದು ಬಂದ್ರ ಬ್ಯಾಟರಿ ವೈರು ಮತ್ತ ಸಿಡಿಐ (ಸ್ಪಾರ್ಕ್ ಕೊಡೋ ಡಬ್ಬಿ) ಬಿಚ್ಚಿನ ಮಾಡ್ರಿ.

ಅಗಲ ಹ್ಯಾಂಡಲ್ ಹಾಕಿದಮ್ಯಾಲ ಗಾಡಿ ಚಾಲೂ ಇಟ್ಟು ಹ್ಯಾಂಡಲ್ ಎಡಕ್ಕ ಬಲಕ್ಕ ಪೂರ್ತಿ ತಿರುವ್ರಿ, ರೇಸ್ ತಾನ ಏರಿದ್ರ ಕೇಬಲ್ ಗಿಡ್ಡ ಆಗೇತಿ ಅಂತರ್ಥ, ಉದ್ದದ್ದು ಹಾಕಸಲೇಬೇಕು. ಸೀಟಿಗೆ ಆಟೋ ಸೀಟ್ ಹೊಲಿಯೋರು ಚೊಲೊ, ತಳಕ್ಕ ಗಟ್ಟಿ ಫೋಮ್, ಮ್ಯಾಲ ಮೆತ್ತಂದು, ರೆಗ್ಜಿನ್ ಹೊಲಗಿ ನೀರು ಇಳಿಯದಂಗ. ಪೂರ್ತಿ ಸಪಾಟ ಬ್ಯಾಡ, ಹಿಂದ ಕುಂತವ್ರು ಬ್ರೇಕ್ ಹಿಡದಾಗೊಮ್ಮೆ ನಿಮ್ಮ ಬೆನ್ನ ಮ್ಯಾಲ ಬರ್ತಾರ.

ವೈರಿಂಗ್ ಕೈ ಕುಂತಿರದಿದ್ರ ಅದನ್ನ ಮುಟ್ಟಬ್ಯಾಡ್ರಿ. ಹಳೆ ಸ್ಪ್ಲೆಂಡರ್ ಹೆಡ್‌ಲೈಟ್ ಬ್ಯಾಟರಿ ಮ್ಯಾಲ ಇಲ್ಲ, ಮ್ಯಾಗ್ನೆಟ್‌ನಿಂದ ಎಸಿ ಕರೆಂಟಿನ ಮ್ಯಾಲ ಉರೀತೈತಿ, ಅದಕ್ಕ ನೇರ ಎಲ್‌ಇಡಿ ಹಾಕಿದ್ರ ಮಿಣಕ್ ಮಿಣಕ್ ಮಾಡಿ ಸುಟ್ಟು ಹೋಗ್ತೈತಿ. ಗುಂಡನ ಹೆಡ್‌ಲೈಟ್ ಬೇಕಂದ್ರ ಹಾಕ್ರಿ, ಒಳಗ ಹಳೆ ಬಲ್ಬ್ ಇರಲಿ. ಇಂಡಿಕೇಟರ್, ಕನ್ನಡಿ, ನಂಬರ್ ಪ್ಲೇಟ್ ಜಾಗದಾಗ ಇರ್ಲಿ.

ಏರ್ ಫಿಲ್ಟರ್ ಡಬ್ಬಿ ತಗದು ಕೋನ್ ಫಿಲ್ಟರ್ ಹಾಕೋ ಚಟ ಬ್ಯಾಡ. ಸುಗ್ಗಿ ಟೈಮಿನ್ಯಾಗ ನಮ್ಮ ಕಡೆ ಧೂಳು ಹೆಂಗಿರ್ತೈತಿ ಅನ್ನೋದು ಗೊತ್ತೈತಲ್ಲ, ಪಿಸ್ಟನ್ ತಿಂದು ಹಾಕ್ತೈತಿ. ಎಳತ ಹೆಚ್ಚು ಬೇಕಂದ್ರ ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಡಿಮಿದು ಹಾಕ್ರಿ, ಅದು ಹಿಂದ ಸುಮಾರು ಮೂರು ಹಲ್ಲು ಏರಿಸಿದಂಗ, ಕವರಿನ್ಯಾಗೂ ಕುಂದರ್ತೈತಿ. ಟಾಪ್ ಸ್ಪೀಡ್ ಸ್ವಲ್ಪ ಇಳೀತೈತಿ, ಹೊಲದ ದಾರಿಗೆ ಯಾರಿಗೆ ಬೇಕು.

ನಾನು ನಾಗರ ಪಂಚಮಿಗೆ ಬಿಚ್ಚಿದ್ದು, ಖಂಡೆಪೂಜಿಗೆ ನಿಂತ್ತು. ಮೊದಲ 50 ಕಿಲೋಮೀಟರ್ ಆದಮ್ಯಾಲ ಒಂದೊಂದು ಬೋಲ್ಟಿಗೂ ಪಾನಾ ಹಾಕಿ ನೋಡ್ರಿ, ಗಾಲಿ ಕಡ್ಡಿನೂ ಬಡದು ನೋಡ್ರಿ, ಸಡಲಾದ ಕಡ್ಡಿ ದನಿನ ಬ್ಯಾರೆ. ಟ್ರಯಲ್‌ಗೆ ಕಪ್ಪತಗುಡ್ಡದ ಕಡೆ ಹೋಗೋರು ಡಾಂಬರು ಬಿಟ್ಟು ಇಳೀಬ್ಯಾಡ್ರಿ, 2019ರಿಂದ ಅದು ವನ್ಯಜೀವಿಧಾಮ.

ಗಾಡಿ ತಗೊಂಡು ಹೊಲಕ್ಕ ಹೋದ್ರ ಮಾವ ಒಂದು ಸುತ್ತು ಹಾಕಿ ನೋಡಿ, "ಎಲ್ಲಾ ಖರೆ ತಮ್ಮಾ, ಹಾಲಿನ ಕ್ಯಾನ್ ಎಲ್ಲೆ ಕಟ್ಟೂದು?" ಅಂದ. ಮುಂದಿನ ವಾರ ಹಿಂದ ನಾಕು ಬೋಲ್ಟಿನ ಕ್ಯಾರಿಯರ್ ಮಾಡ್ಸಿದೆ.