ಎಂಕ್ಯೂ ಕನೆಕ್ಷನ್ ಆಗ್ತಿಲ್ವಾ? ರೀಸ್ಟಾರ್ಟ್ ಮಾಡೋ ಮುಂಚೆ ಎಂಕ್ಯೂ ಸರ್ವರ್ ಕಡೆ ಲಾಗ್ ನೋಡಿ

ಎಂಕ್ಯೂ ಅಂದ್ರೆ ಅಪ್ಲಿಕೇಶನ್‌ಗಳ ಮಧ್ಯೆ ಮೆಸೇಜ್‌ಗಳನ್ನ ಕ್ಯೂನಲ್ಲಿಟ್ಟು ಸಾಗಿಸೋ ಸಾಫ್ಟ್‌ವೇರ್. ಮೆಸೇಜ್ ಸಾಗಿಸೋ ಫ್ಲೋ ನಿಂತೋಗಿದೆ, ಅಡಾಪ್ಟರ್ ಕೆಂಪಗಾಗಿದೆ, ಇಂಟಿಗ್ರೇಶನ್ ಸರ್ವರ್ ಲಾಗ್ ತುಂಬಾ ಜೆಎಂಎಸ್ (ಜಾವಾದಿಂದ ಮೆಸೇಜ್ ಕಳಿಸೋ ಇಂಟರ್ಫೇಸ್) ಎಕ್ಸೆಪ್ಷನ್, ಆಗ ತುಂಬಾ ಜನ ಮೊದಲು ಕೈ ಹಾಕೋದೇ ರೀಸ್ಟಾರ್ಟ್‌ಗೆ. ದಯವಿಟ್ಟು ಬೇಡ. ಕೆಲವು ಸಲ ಸರಿಹೋಗತ್ತೆ ನಿಜ, ಆದ್ರೆ ಯಾಕೆ ಕೆಟ್ಟಿತ್ತು ಅಂತ ಹೇಳ್ತಿದ್ದ ಚಾನಲ್ (ಅಪ್ಲಿಕೇಶನ್ ಅಂದ್ರೆ ಕ್ಲೈಂಟ್, ಎಂಕ್ಯೂಗೆ ಸೇರೋ ದಾರಿ) ಸ್ಟೇಟಸ್ಸು, ತೆರೆದಿದ್ದ ಕನೆಕ್ಷನ್ನು ಎಲ್ಲಾ ಅದರ ಜೊತೆ ಹೋಗತ್ತೆ, ಆಮೇಲೆ ಅದೇ ತೊಂದರೆ ಮತ್ತೆ ಬರತ್ತೆ. ನಾನಿಲ್ಲಿ ಐಬಿಎಂ ಎಂಕ್ಯೂ ಇಟ್ಕೊಂಡು ಹೇಳ್ತೀನಿ, ಆದ್ರೆ ರ‍್ಯಾಬಿಟ್‌ಎಂಕ್ಯೂ, ಆಕ್ಟಿವ್‌ಎಂಕ್ಯೂ ಯಾವುದಾದ್ರೂ ನೋಡೋ ದಾರಿ ಹೆಚ್ಚುಕಮ್ಮಿ ಇದೇ.

ಮೊದಲು ರೀಸನ್ ಕೋಡ್, ಅಂದ್ರೆ ಯಾಕೆ ಫೇಲ್ ಆಯ್ತು ಅಂತ ಹೇಳೋ ಎಂಕ್ಯೂ ನಂಬರ್ ಹುಡುಕಿ. ಜಾವಾ ಸ್ಟ್ಯಾಕ್ ಟ್ರೇಸ್ ಮೇಲ್ಗಡೆ ಬರೀ 'ಕನೆಕ್ಟ್ ಆಗ್ಲಿಲ್ಲ' ಅಂತಿರತ್ತೆ, ಅದರಿಂದ ಏನೂ ಗೊತ್ತಾಗಲ್ಲ, ಕೆಳಗೆ ಹೋಗಿ ಕೊನೇ 'ಕಾಸ್ಡ್ ಬೈ' ನೋಡಿ, ಅಲ್ಲಿ ನಾಲ್ಕು ಅಂಕಿ ನಂಬರ್ ಸಿಗತ್ತೆ. 2538 ಬಂದ್ರೆ ಆ ಹೋಸ್ಟ್‌ವರೆಗೆ ಹೋಗೋಕೇ ಆಗ್ಲಿಲ್ಲ, ಇಲ್ಲಾ ಹೋದ್ರೂ ಆ ಪೋರ್ಟ್‌ನಲ್ಲಿ ಯಾರೂ ಕೇಳಿಸ್ಕೊಳ್ತಿಲ್ಲ. 2059 ಅಂದ್ರೆ ಕ್ಯೂ ಮ್ಯಾನೇಜರ್ (ಕ್ಯೂಗಳನ್ನ ನಡೆಸೋ ಎಂಕ್ಯೂ ಸರ್ವರ್) ಸಿಗ್ತಿಲ್ಲ, ಓಡ್ತಿದೆಯಾ ನೋಡಿ. 2058 ಕ್ಯೂ ಮ್ಯಾನೇಜರ್ ಹೆಸರು ತಪ್ಪು, 2540 ಚಾನಲ್ ಹೆಸರು ತಪ್ಪು. ಹೆಸರಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ ಅನ್ನೋದು ನೆನಪಿರ್ಲಿ, ಕೋಟ್ ಹಾಕದೆ ಚಾನಲ್ ಡಿಫೈನ್ ಮಾಡಿದ್ರೆ ಎಂಕ್ಯೂ ಅದನ್ನ ಪೂರ್ತಿ ಕ್ಯಾಪಿಟಲ್ ಮಾಡಿಡತ್ತೆ. ಇನ್ನೊಂದು, ನೇಟಿವ್ ಲೈಬ್ರರಿ ಲೋಡ್ ಆಗ್ಲಿಲ್ಲ ಅಂತ 2495 ಬಂದ್ರೆ ಕನೆಕ್ಷನ್ ಫ್ಯಾಕ್ಟರಿ (ಕನೆಕ್ಷನ್ ತೆರೆಯೋ ಸೆಟ್ಟಿಂಗ್) ಅದೇ ಮಷೀನ್‌ಗೆ ಮಾತ್ರ ನಡೆಯೋ ಬೈಂಡಿಂಗ್ಸ್ ಮೋಡ್‌ನಲ್ಲೇ ಉಳ್ಕೊಂಡಿದೆ ಅಂತ ಅನುಮಾನ ಪಡಿ, ಡೀಫಾಲ್ಟ್ ಅದೇ, ಬೇರೆ ಮಷೀನ್‌ನ ಕ್ಯೂ ಮ್ಯಾನೇಜರ್‌ಗೆ ಹೋಗೋಕೆ ಕ್ಲೈಂಟ್ ಮೋಡ್ ಬೇಕು.

2538 ಇದ್ರೆ ನೆಟ್‌ವರ್ಕ್ ಟೆಸ್ಟ್ ಮಾಡಿ, ಆದ್ರೆ ನಿಮ್ಮ ಲ್ಯಾಪ್‌ಟಾಪ್‌ನಿಂದ ಅಲ್ಲ, ಇಂಟಿಗ್ರೇಶನ್ ಸರ್ವರ್ ಓಡ್ತಿರೋ ಮಷೀನ್‌ನಿಂದಾನೇ, ಕಂಟೇನರ್ ಆದ್ರೆ ಅದರೊಳಗಿಂದ. ಟೆಲ್ನೆಟ್ಟೋ ನೆಟ್‌ಕ್ಯಾಟೋ ಇಟ್ಕೊಂಡು ಪೋರ್ಟ್ ಹೊಡೆದು ನೋಡಿ, ಸಾಮಾನ್ಯವಾಗಿ 1414 ಇರತ್ತೆ. ತಕ್ಷಣ 'ರೆಫ್ಯೂಸ್ಡ್' ಅಂದ್ರೆ ಬಹುತೇಕ ಮಷೀನ್ ಇದೆ, ಪೋರ್ಟ್‌ನಲ್ಲಿ ಕೇಳಿಸ್ಕೊಳ್ಳೋ ಲಿಸನರ್ ಇಲ್ಲ, ಸುಮ್ನೆ ನೇತಾಡ್ಕೊಂಡು ಟೈಮ್‌ಔಟ್ ಆದ್ರೆ ಮೊದಲು ಫೈರ್‌ವಾಲ್ ಮೇಲೆ ಕಣ್ಣಿಡಿ. ಸರ್ವರ್ ರೀಬೂಟ್ ಆದ್ಮೇಲೆ ಶುರುವಾದ ತೊಂದರೆ ಅಂದ್ರೆ ಲಿಸನರ್‌ನ ಕಂಟ್ರೋಲ್ ಸೆಟ್ಟಿಂಗ್ ನೋಡ್ಲೇಬೇಕು, ಡೀಫಾಲ್ಟ್ ಮ್ಯಾನ್ಯುಯಲ್, ಅಂದ್ರೆ ಕ್ಯೂ ಮ್ಯಾನೇಜರ್ ಎದ್ದರೂ ಲಿಸನರ್ ತಾನಾಗೇ ಏಳಲ್ಲ. ಅದನ್ನ ಕ್ಯೂಎಂಜಿಆರ್ ಅಂತ ಬದಲಾಯಿಸಿ.

ಈಗ 2035. ಜನ ಅತೀ ಹೆಚ್ಚು ಟೈಮ್ ಕಳ್ಕೊಳ್ಳೋದು ಇದರಲ್ಲೇ. ಕ್ಲೈಂಟ್‌ಗೆ ಬರೀ 'ಅನುಮತಿ ಇಲ್ಲ' ಅಂತ ಮಾತ್ರ ಬರತ್ತೆ, ಹೊರಗಿನವ್ರಿಗೆ ಸುಳಿವು ಸಿಗಬಾರದು ಅಂತ ಬೇಕಂತಲೇ ಹಾಗೆ ಮಾಡಿರೋದು, ಹಾಗಾಗಿ ಈ ಕಡೆ ಕೂತು ಎಷ್ಟು ಊಹೆ ಮಾಡಿದ್ರೂ ಉತ್ತರ ಸಿಗಲ್ಲ. ಕ್ಯೂ ಮ್ಯಾನೇಜರ್‌ನ ಎರರ್ಸ್ ಫೋಲ್ಡರ್‌ನಲ್ಲಿ ಮೂರು ಲಾಗ್ ಫೈಲ್ ಇರತ್ತೆ, 01 ಅಂತಿರೋದು ಹೊಸದು, ಅದನ್ನ ತೆಗೀರಿ, ನಿಮ್ಮ ಎಕ್ಸೆಪ್ಷನ್ ಬಂದ ಟೈಮ್‌ಗೆ ಹೊಂದಿಸಿ ನೋಡಿ. ಎಎಂಕ್ಯೂ9777 ಇದ್ರೆ ಚಾನಲ್ ಆಥ್ (ಯಾರು ಯಾವ ಐಪಿಯಿಂದ ಬರಬಹುದು ಅನ್ನೋ) ರೂಲ್ ತಡೆದಿದೆ, ಎಎಂಕ್ಯೂ5540 ಇದ್ರೆ ಅಪ್ಲಿಕೇಶನ್ ಯೂಸರ್ ಐಡಿ ಪಾಸ್‌ವರ್ಡ್ ಕಳಿಸೇ ಇಲ್ಲ, 5534 ಇದ್ರೆ ಕಳಿಸಿದ್ದು ಒಪ್ಪಿಗೆ ಆಗ್ಲಿಲ್ಲ, 8077 ಇದ್ರೆ ಯಾವ ಆಬ್ಜೆಕ್ಟ್ ಮೇಲೆ ಏನು ಪರ್ಮಿಷನ್ ಸಾಲ್ತಿಲ್ಲ ಅಂತ ಅಲ್ಲೇ ಬರ್ದಿರತ್ತೆ. ಒಂದೇ 2035, ಆದ್ರೆ ನಾಲ್ಕಕ್ಕೂ ಬೇರೆ ಬೇರೆ ಔಷಧಿ. ಪಾಸ್‌ವರ್ಡ್ ಸರಿ ಇದೆ ಅಂತ ಖಾತ್ರಿ ಇದ್ರೂ ಫೇಲ್ ಆಗ್ತಿದ್ರೆ ಅದರ ಉದ್ದ ಎಣಿಸಿ, ಹಳೇ ಜಾವಾ ಕ್ಲೈಂಟ್‌ಗಳ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ 12 ಅಕ್ಷರಕ್ಕಿಂತ ಜಾಸ್ತಿ ಹೋಗಲ್ಲ. ಮತ್ತೆ ಅವಸರಕ್ಕೆ ಚಾನಲ್ ಆಥ್ ಪೂರ್ತಿ ಡಿಸೇಬಲ್ ಮಾಡೋ ಸಲಹೆ ಎಲ್ಲಾ ಕಡೆ ಸಿಗತ್ತೆ, ಪ್ರೊಡಕ್ಷನ್‌ನಲ್ಲಿ ಅದನ್ನ ಮಾಡ್ಲೇಬೇಡಿ. ನಿಮ್ಮ ಚಾನಲ್‌ಗೆ, ನಿಮ್ಮ ಐಪಿಗೆ ಮಾತ್ರ ಒಂದು ರೂಲ್ ಸೇರಿಸಿ, ಅಡ್ಮಿನ್ ಅಲ್ಲದ ಸರ್ವಿಸ್ ಐಡಿ ಕೊಡಿ.

2393 ಅಥವಾ 2397 ಬಂದ್ರೆ ಟಿಎಲ್‌ಎಸ್, ಅಂದ್ರೆ ಕನೆಕ್ಷನ್ ಎನ್‌ಕ್ರಿಪ್ಟ್ ಮಾಡೋ ಭಾಗದ ತೊಂದರೆ. ಸರ್ಟಿಫಿಕೇಟ್ ಅವಧಿ ಮುಗಿದಿದೆಯಾ, ಎರಡೂ ಕಡೆ ಸೈಫರ್ (ಎನ್‌ಕ್ರಿಪ್ಶನ್ ವಿಧಾನ) ಒಂದೇನಾ ನೋಡಿ. ಹೊಸ ಸರ್ಟಿಫಿಕೇಟ್ ಹಾಕಿದ್ಮೇಲೆ ರಿಫ್ರೆಶ್ ಸೆಕ್ಯುರಿಟಿ ಕಮಾಂಡ್ ಕೊಡದಿದ್ರೆ ಕ್ಯೂ ಮ್ಯಾನೇಜರ್ ಹಳೇದನ್ನೇ ತೋರಿಸ್ತಾ ಇರತ್ತೆ.

ಇನ್ನು ಕನೆಕ್ಟ್ ಆಗತ್ತೆ ಆದ್ರೆ ಆಗಾಗ ಕಟ್ ಆಗತ್ತೆ ಅನ್ನೋ ಕೇಸು, 2009. ರಾತ್ರಿಯೆಲ್ಲಾ ಟ್ರಾಫಿಕ್ ಇರಲ್ಲ, ಬೆಳಗ್ಗೆ ಮೊದಲ ಮೆಸೇಜ್ ಫೇಲ್ ಆಗತ್ತೆ, ಎರಡನೇದು ಹೋಗತ್ತೆ, ಈ ಲಕ್ಷಣ ಕಂಡ್ರೆ ಹೆಚ್ಚಾಗಿ ಮಧ್ಯದ ಫೈರ್‌ವಾಲ್ ಸುಮ್ನಿದ್ದ ಕನೆಕ್ಷನ್‌ನ ಯಾರಿಗೂ ಹೇಳದೆ ಕೈಬಿಟ್ಟಿರತ್ತೆ, ಕನೆಕ್ಷನ್‌ಗಳನ್ನ ತೆರೆದಿಟ್ಕೊಂಡು ಮತ್ತೆ ಮತ್ತೆ ಕೊಡೋ ಪೂಲ್‌ಗೆ ಅದು ಗೊತ್ತೇ ಇರಲ್ಲ, ಸತ್ತ ಕನೆಕ್ಷನ್‌ನೇ ಎತ್ತಿ ಕೊಡತ್ತೆ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ (ಸುಮ್ನಿರೋ ಕನೆಕ್ಷನ್ ಜೀವಂತ ಇದೆಯಾ ಅಂತ ನೋಡೋದು) ಡೀಫಾಲ್ಟ್ 7200 ಸೆಕೆಂಡ್, ಎರಡು ಗಂಟೆ, ಅಷ್ಟೊತ್ತು ಕಾಯೋ ಫೈರ್‌ವಾಲ್ ಕಮ್ಮಿ. ಹಾಗಾಗಿ ನೆಟ್‌ವರ್ಕ್ ಟೀಮ್ ಹತ್ರ ಐಡಲ್ ಟೈಮ್‌ಔಟ್ ಎಷ್ಟು ಅಂತ ಕೇಳಿ, ಪೂಲ್‌ನ ಅನ್‌ಯೂಸ್ಡ್ ಟೈಮ್‌ಔಟ್ ಅದಕ್ಕಿಂತ ಕಮ್ಮಿ ಇಡಿ, ಮಿನಿಮಮ್ ಕನೆಕ್ಷನ್ ಸೊನ್ನೆ ಇಡಿ, ಇಲ್ಲಾಂದ್ರೆ ಆ ಮಿನಿಮಮ್‌ನಷ್ಟು ಕನೆಕ್ಷನ್ ಹಾಗೇ ಉಳಿಯತ್ತೆ. ಚಾನಲ್ ಹಾರ್ಟ್‌ಬೀಟ್ (ಎಂಕ್ಯೂನೇ ಅದೇ ತರ ಮಾಡೋ ಚೆಕ್) ಡೀಫಾಲ್ಟ್ 300 ಸೆಕೆಂಡ್, ಅದನ್ನೂ ಇಳಿಸಿ, ಆದ್ರೆ ಎರಡೂ ಕಡೆ ಮಾತುಕತೆ ಆಗಿ ಕೊನೇ ಸೆಕೆಂಡ್ ಲೆಕ್ಕ ನಿಗದಿಯಾಗೋದ್ರಿಂದ ಒಂದೇ ಕಡೆ ಬದಲಾಯಿಸಿ ಸುಮ್ನಾಗ್ಬೇಡಿ, ಚಾನಲ್ ಸ್ಟೇಟಸ್‌ನಲ್ಲಿ ನಿಜಕ್ಕೂ ಎಷ್ಟು ಬಂದಿದೆ ಅಂತ ನೋಡಿ.

ಹೊತ್ತು ಹೋದ ಹಾಗೆ ನಿಧಾನಕ್ಕೆ ಕೆಡೋದು ಬೇರೆ ರೋಗ. ಕ್ಯೂ ಮ್ಯಾನೇಜರ್‌ನ ಮ್ಯಾಕ್ಸ್‌ಚಾನಲ್ಸ್ (ಒಂದೇ ಸಲಕ್ಕೆ ಎಷ್ಟು ಚಾನಲ್ ಇರಬಹುದು ಅನ್ನೋ ಮಿತಿ) ಡೀಫಾಲ್ಟ್ 100, ಕೋಡ್‌ನಲ್ಲಿ ಎಲ್ಲೋ ಕ್ಲೋಸ್ ಮಾಡದೆ ಬಿಟ್ಟ ಕನೆಕ್ಷನ್‌ಗಳು ಸೇರ್ಕೊಂಡು ಅದು ತುಂಬತ್ತೆ, ಆಗ ಲಾಗ್‌ನಲ್ಲಿ ಎಎಂಕ್ಯೂ9513 ಬರತ್ತೆ. ಮಿತಿ ಏರಿಸಿದ್ರೆ ಸ್ವಲ್ಪ ದಿನ ಉಸಿರಾಡಬಹುದು ಅಷ್ಟೇ, ಯಾವ ಐಪಿಯಿಂದ ಎಷ್ಟು ಇನ್‌ಸ್ಟೆನ್ಸ್ ಇದೆ ಅಂತ ಸ್ಟೇಟಸ್‌ನಲ್ಲಿ ಎಣಿಸಿ ಆ ಅಪ್ಲಿಕೇಶನ್ ಸರಿಮಾಡ್ಸಿ.

ಕನೆಕ್ಷನ್ ಬಂತು ಅಂತ ಫ್ಲೋ ತಕ್ಷಣ ಬಿಡ್ಬೇಡಿ. 2009 ಬಂದ ಗಳಿಗೆಯಲ್ಲಿ ಪುಟ್ (ಮೆಸೇಜ್ ಕ್ಯೂಗೆ ಹಾಕೋದು) ಅಥವಾ ಕಮಿಟ್ (ಅದನ್ನ ಖಾಯಂ ಮಾಡೋದು) ನಡೀತಿದ್ರೆ ಆ ಮೆಸೇಜ್ ಹೋಯ್ತಾ ಇಲ್ವಾ ಅಂತ ಕ್ಲೈಂಟ್‌ಗೆ ಗೊತ್ತಿರಲ್ಲ, ಕಣ್ಣುಮುಚ್ಚಿ ಮತ್ತೆ ಕಳಿಸಿದ್ರೆ ಒಂದೇ ಆರ್ಡರ್ ಎರಡು ಸಲ ಹೋಗಬಹುದು. ಬ್ಯಾಕ್‌ಔಟ್ ಕ್ಯೂ (ಮತ್ತೆ ಮತ್ತೆ ಫೇಲ್ ಆದ ಮೆಸೇಜ್ ಇಡೋದು), ಡೆಡ್ ಲೆಟರ್ ಕ್ಯೂ (ತಲುಪಿಸೋಕೆ ಆಗದ ಮೆಸೇಜ್ ಇಡೋದು) ಎರಡರ ಡೆಪ್ತ್, ಅಂದ್ರೆ ಎಷ್ಟು ಮೆಸೇಜ್ ಇದೆ ಅಂತ ನೋಡಿ, ಆ ಹೊತ್ತಿನ ಮೆಸೇಜ್‌ಗಳನ್ನ ರಿಸೀವರ್ ಕಡೆ ಬಿಸಿನೆಸ್ ಕೀ (ಆರ್ಡರ್ ನಂಬರ್ ತರದ್ದು) ಇಟ್ಕೊಂಡು ತಾಳೆ ನೋಡಿ, ಆಮೇಲೆ ಫ್ಲೋ ಸ್ಟಾರ್ಟ್ ಮಾಡಿ.